ನಿಲ್ಲದ ಲೋಟ

ಇಪ್ಪತ್ತು ವರ್ಷ ತೈಲದ ಪೈಪುಗಳ ನಕ್ಷೆ ಬರೆದ ನಾನು ಒಂದು ಮಣ್ಣಿನ ಲೋಟವನ್ನು ತಲೆಕೆಳಗಾಗಿ ಬರೆದೆ. ಬರೆಯುವಾಗ ಅದು ತಲೆಕೆಳಗು ಅಂತ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಈಗಲೂ ಪೂರ್ತಿ ಗೊತ್ತಿಲ್ಲ.

ಕುವೈತಿನಲ್ಲಿ ನನ್ನ ಗುತ್ತಿಗೆ ಮುಗಿದಿತ್ತು. ಇಲ್ಲಿ ಇರಲು ಬೇಕಾದ ಇಕಾಮಾಕ್ಕೆ ಇನ್ನೊಂದೇ ತಿಂಗಳ ಆಯುಸ್ಸು. ಮಗಳು ಹತ್ತನೇ ಕ್ಲಾಸು, ಪರೀಕ್ಷೆಗೆ ನಾಲ್ಕು ತಿಂಗಳು. ನನಗೆ ಕೆಲಸ ಸಿಗದಿದ್ದರೆ ಮೂವರೂ ಧಾರವಾಡಕ್ಕೆ ಗಂಟುಮೂಟೆ ಕಟ್ಟಬೇಕು, ಅವಳ ಒಂದು ವರ್ಷ ಹಾಳು. ಹೆಂಡತಿ ಆಗಲೇ ಸೂಟ್‌ಕೇಸ್ ತೆಗೆದು ಹಾಲ್‌ನ ನಡುವೆ ಇಟ್ಟಿದ್ದಳು. ಅದನ್ನು ದಾಟಿಕೊಂಡೇ ನಾವು ಊಟಕ್ಕೆ ಕೂರುತ್ತಿದ್ದೆವು.

ಮೈದಾನ್ ಹವಲ್ಲಿಯ ನಮ್ಮ ಕಟ್ಟಡದಲ್ಲೇ ಒಬ್ಬ ಬ್ಯಾರಿ ಗೆಳೆಯನಿದ್ದ. ಪುತ್ತೂರು ಕಡೆಯವನು, ನೆಲ ಅಗೆದಾಗ ಸಿಕ್ಕ ಪುರಾತನ ಸಾಮಾನುಗಳ ಫೋಟೋ ತೆಗೆಯುವುದು ಅವನ ಕೆಲಸ.

"ನಮ್ಮಲ್ಲಿ ಡ್ರಾಯಿಂಗ್ ಮಾಡ್ಲಿಕ್ಕೆ ಜನ ಬೇಕಂತೆ ಮಾರಾಯ್ರೆ," ಅಂದ. "ಪೈಪು ಬರೆದವರಿಗೆ ಮಡಕೆ ಎಂತ ದೊಡ್ಡದು?"

ಅಗೆತದ ತಂಡಕ್ಕೆ ಮುಖ್ಯಸ್ಥೆ ಒಬ್ಬ ವಿದೇಶಿ ಮೇಡಂ. ಒಂದು ವಾರದಲ್ಲಿ ಹತ್ತು ಚಿತ್ರ ಬರೆದುಕೊಡಿ, ಒಪ್ಪಿಗೆಯಾದರೆ ಕೆಲಸ, ಅಂದರು.

ಉಗ್ರಾಣದ ಮೇಜಿನ ಮೇಲೆ ಲೋಟಗಳೋ ಲೋಟಗಳು. ಹಿಂದಿನ ಕಾಲದಲ್ಲಿ ಮೆಸೊಪೊಟೇಮಿಯಾದಿಂದ, ಅಂದರೆ ಈಗಿನ ಇರಾಕಿನ ನದಿಗಳ ಕಡೆಯಿಂದ, ದೋಣಿಯಲ್ಲಿ ಇಲ್ಲಿಗೆ ಬಂದವಂತೆ. ಕೆಲವು ಹೊಟ್ಟೆ ಉಬ್ಬಿದವು, ಕೆಲವು ಆಲಿಕೆಯ ಹಾಗೆ ಕೆಳಗೆ ಚೂಪಾದವು. ಒಂದು ಚೂರಿನ ಒಳಗೆ ಕಪ್ಪಗೆ ಏನೋ ಮೆತ್ತಿತ್ತು. ನೀರು ಸೋರದಿರಲೆಂದು ಬಳಿದ ಡಾಂಬರು ಅಂದರು ಮೇಡಂ. ಡಾಂಬರನ್ನು ನಾನು ಪೈಪಿನ ಹೊರಗೆ ಬಳಿಸಿದವನು. ಕುಡಿಯುವ ಪಾತ್ರೆಯ ಒಳಗೆ ಬಳಿದವರನ್ನು ಕಂಡಿರಲಿಲ್ಲ. ಅರಸರಿಗೆ ಬಂಗಾರದ್ದು, ಬೆಳ್ಳಿಯದು, ಉಳ್ಳವರಿಗೆ ತಾಮ್ರದ್ದು, ಉಷ್ಟ್ರಪಕ್ಷಿಯ ಮೊಟ್ಟೆ ಚಿಪ್ಪಿನದೂ ಇರುತ್ತಿತ್ತಂತೆ. ದುಡಿಯುವವರಿಗೆ ಮಣ್ಣಿನದು. ನನ್ನ ಪಾಲಿಗೆ ಬಂದದ್ದೂ ಮಣ್ಣಿನದೇ.

ಏಳನೆಯದು ನನ್ನ ಮಾನ ಕಳೆಯಿತು. ಉದ್ದನೆಯ ಲೋಟ, ಅಡಿಯಲ್ಲಿ ಅಂಗಿಯ ಗುಂಡಿಯಂಥ ಪುಟ್ಟ ಉಬ್ಬು. ನಿಲ್ಲಿಸಿದರೆ ವಾಲುತ್ತಿತ್ತು. ಹಿಡಿದೆ, ಬಿಟ್ಟೆ, ಮತ್ತೆ ವಾಲಿತು. ನಿಲ್ಲಲಾರದ ವಸ್ತುವನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಕೊನೆಗೆ ಬೋರಲು ಹಾಕಿದೆ. ಗಟ್ಟಿಯಾಗಿ ಕೂತಿತು. ನಮ್ಮ ಮನೆಯಲ್ಲಿ ಕುಡಿಯುವ ನೀರಿನ ತಾಮ್ರದ ತಂಬಿಗೆಯ ಮೇಲೆ ಲೋಟ ಹಾಗೇ ಬೋರಲಾಗಿ ಕೂರುತ್ತದೆ. ಸರಿ, ಇದು ಮುಚ್ಚಳ, ಗುಂಡಿ ಅದರ ಹಿಡಿಕೆ ಅಂದುಕೊಂಡು ಮಿಲಿಮೀಟರ್ ತಪ್ಪದಂತೆ ಹಾಗೇ ಬರೆದೆ.

ಗೆಳೆಯ ನೋಡಿ ಹಣೆ ಚಚ್ಚಿಕೊಂಡ. "ಕವುಚಿ ಹಾಕಿದ್ದೀರಲ್ಲ ಮಾರಾಯ್ರೆ! ಇದು ಲೋಟ!"

ಮೇಡಂ ಬೈಯಲಿಲ್ಲ, ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಗುಂಡಿಯ ಮೇಲಿನ ಸುಳಿಯಂಥ ಗೆರೆ ತೋರಿಸಿದರು. ಕುಂಬಾರ ಚಕ್ರದಿಂದ ದಾರದಲ್ಲಿ ಕತ್ತರಿಸಿದ ಗುರುತು, ಆದ್ದರಿಂದ ಇದು ಅಡಿ, ಅಂದರು. ಮುಚ್ಚಳವನ್ನೂ ಚಕ್ರದಿಂದ ದಾರದಲ್ಲೇ ಕತ್ತರಿಸಬಹುದಲ್ಲ, ಅಂತ ನಾನು ಕೇಳಿಬಿಟ್ಟೆ. ಕೆಲಸ ಬೇಡಲು ಬಂದವನಿಗೆ ಈ ಬಾಯಿ ಯಾಕೆ ಬೇಕಿತ್ತೋ! ಅವರು ನನ್ನ ಚಿತ್ರವನ್ನು ಪಕ್ಕಕ್ಕೆ ಎತ್ತಿಟ್ಟರು.

ಮನೆಗೆ ಹೋಗಿ ಹೇಳಿದೆ. ಮಗಳು ಪುಸ್ತಕದಿಂದ ತಲೆ ಎತ್ತದೆ, "ಇಟ್ಸ್ ಜಸ್ಟ್ ಎ ಕಪ್, ಅಪ್ಪಾ," ಅಂದಳು.

ಹೆಂಡತಿ ರೊಟ್ಟಿ ತಟ್ಟುತ್ತಿದ್ದಳು. "ನೀರಿನ ಮ್ಯಾಲ ಮುಚ್ಚಿದಾಗ ಮುಚ್ಚಳ, ಕೈಯಾಗ ಹಿಡದಾಗ ಲೋಟ. ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತೀರಿ? ಆ ಮೇಡಂ ಅವ್ರಿಗೆ ನಮ್ಮ ತಂಬಿಗಿ ತೋರಸ್ರಿ."

ಮರುದಿನ ತಂಬಿಗೆ, ಲೋಟ ಎರಡನ್ನೂ ಊಟದ ಚೀಲದಲ್ಲಿ ಹಾಕಿಕೊಂಡು ಹೋದೆ. ಮೇಜಿನ ಮೇಲಿಟ್ಟೆ. ಮೇಡಂ ಲೋಟವನ್ನು ಎತ್ತಿದರು, ಮುಚ್ಚಿದರು, ಮತ್ತೆ ಎತ್ತಿದರು. ಆಮೇಲೆ ಆ ಮಣ್ಣಿನ ಲೋಟದ ಜೊತೆಗೇ ನೆಲದಲ್ಲಿ ಸಿಕ್ಕಿದ್ದ ಹೂಜಿಯ ಚಿತ್ರ ತೆಗೆದು, ಅದರ ಬಾಯಿಯ ಅಳತೆಯನ್ನು ನನ್ನ ಏಳನೇ ಚಿತ್ರದ ಅಳತೆಯ ಪಕ್ಕ ಇಟ್ಟರು. ಲೋಟದ ಬಾಯಿ ಮೂರು ಮಿಲಿಮೀಟರ್ ದೊಡ್ಡದು. ಸರಿಯಾಗಿ ಮುಚ್ಚುತ್ತದೆ.

ಹಾಗಾದರೆ ಮುಚ್ಚಳವೇ, ಎಂದೆ. ಇರಬಹುದು, ಅಂದರು. ಲೋಟವೇ? ಅದೂ ಇರಬಹುದು. ಇಷ್ಟು ಓದಿದವರ ಬಾಯಲ್ಲಿ 'ಇರಬಹುದು' ಕೇಳಿ ನನಗೆ ದಿಕ್ಕೇ ತೋಚಲಿಲ್ಲ. ಪೈಪಿನ ನಕ್ಷೆಯಲ್ಲಿ ಹಾಗೆ ಬರೆದರೆ ಬೆಂಕಿ ಹತ್ತುತ್ತದೆ. ಕೊನೆಗೆ, ನಾನು ಯಾವ ಕಡೆ ಮೇಲೆ ಮಾಡಿ ಬರೆಯಲಿ ಹೇಳಿ, ಅಂದೆ.

ಬಾಯಿ ಮೇಲೆ ಮಾಡಿ ಬರೆಯಿರಿ, ಅಂದರು. ನಿಜದಲ್ಲಿ ನಿಲ್ಲದಿದ್ದರೂ ನಾವು ಕಾಗದದ ಮೇಲೆ ಲೋಟವನ್ನು ನಿಲ್ಲಿಸಿಯೇ ಬರೆಯುತ್ತೇವೆ, ಎಲ್ಲರೂ ಹಾಗೆ ಒಪ್ಪಿಕೊಂಡಿದ್ದೇವೆ, ಅಷ್ಟೇ.

ತಿದ್ದಿ ಬರೆದೆ. ಹತ್ತೂ ಮುಗಿದ ದಿನ ಮೇಡಂ ಒಂದು ಪತ್ರ ಕೊಟ್ಟರು. ಪೂರ್ತಿ ಅರಬ್ಬಿಯಲ್ಲಿತ್ತು. ಅವರ ಮುಖ ನೋಡಿದರೂ ಕೆಲಸ ಸಿಕ್ಕಿತೋ ಇಲ್ಲವೋ ತಿಳಿಯದೆ ಗೆಳೆಯನ ಹತ್ತಿರ ಓಡಿದೆ. ಅವನು ಎರಡು ಸಲ ಓದಿದ. "ಬಿಸಿಲು ಏರಿ ಅಗೆತ ನಿಲ್ಲುವವರೆಗೆ ಕೆಲಸ ಉಂಟು. ಇಕಾಮಾ ಅವರೇ ಮಾಡಿಸ್ತಾರೆ. ಮಗಳ ಪರೀಕ್ಷೆ ಮುಗೀತದೆ ಮಾರಾಯ್ರೆ!" ಆಮೇಲೆ ಏನು ಅಂತ ಕೇಳಿದೆ. ಅದು ಬರೆದಿಲ್ಲ, ಅಂದ.

ಮನೆಯ ಬಾಗಿಲು ತೆಗೆದ ಹೆಂಡತಿ ಒಳಗೂ ಬಿಡದೆ ಕೇಳಿದಳು. "ಇಲ್ಲೇ ನಿಲ್ತೇವೇನ್ರಿ?"

"ಸದ್ಯಕ್ಕ ಕಾಗದದ ಮ್ಯಾಲ ನಿಂತೇವಿ," ಅಂದೆ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಹಾಲ್‌ನಲ್ಲಿದ್ದ ಸೂಟ್‌ಕೇಸನ್ನು ಕಾಲಿನಿಂದ ಮಂಚದ ಕೆಳಕ್ಕೆ ತಳ್ಳಿದಳು.

"ಹಂಗಾರ ಆ ತಂಬಿಗಿ ತಗೀರಿ ಚೀಲದಾಗಿಂದ. ನೀರು ತುಂಬಿಡಬೇಕು."