ಎರಡು ಫರಸಿಗಳ ನಡುವಿನ ಹಾಡು

ನಾವು ಚಿಕ್ಕವರಿದ್ದಾಗ ಶಹಾಬಾದದಲ್ಲಿ ಎಲ್ಲದರ ಮೇಲೂ ಖಣಿಗಳಿಂದ ಏಳುವ ಕಲ್ಲಿನ ಹಿಟ್ಟು ಕೂರುತ್ತಿತ್ತು. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಮಲ್ಲಿಗೆ ಬಳ್ಳಿಯ ಎಲೆ, ಎಮ್ಮೆಯ ಬೆನ್ನು, ಕಾನ್ವೆಂಟಿಗೆ ಹಾಕಿಕೊಂಡು ಹೋಗುವ ನಮ್ಮ ಕರಿ ಬೂಟು, ಎಲ್ಲ ಒಂದೇ ಬಣ್ಣ. ಅಲ್ಲಿ ಬೆಳೆದವರ ಕೈ ತಾನಾಗಿಯೇ ಒದ್ದೆ ಬಟ್ಟೆ ಹುಡುಕುತ್ತದೆ. ಆ ಬೇಸಿಗೆಯಲ್ಲಿ ನಾನು ಮಾಡಿದ ತಪ್ಪು ಹುಟ್ಟಿದ್ದೂ ಈ ಅಭ್ಯಾಸದಿಂದಲೇ.

ನಾನು ಐದನೆಯ ತರಗತಿ ಮುಗಿಸಿದ್ದೆ. ನಮ್ಮ ಸಂಗೀತದ ಟೀಚರ್ ಡೇಸಿ ಮಿಸ್ ವಾಡಿಯ ರೈಲ್ವೆ ಕಾಲೊನಿಯಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದರು. ಕ್ಯಾಸೆಟ್ಟು ಬಂದು ಎಷ್ಟೋ ಕಾಲವಾಗಿದ್ದರೂ ಅವರು ಹಳೆಯ ರೆಕಾರ್ಡ್ ಪ್ಲೇಯರನ್ನು ಬಿಟ್ಟಿರಲಿಲ್ಲ. ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಅವರು ಹಚ್ಚುತ್ತಿದ್ದ ಒಂದು ರೆಕಾರ್ಡು ನನಗೆ ಭಾಳ ಇಷ್ಟ. ವಿದೇಶದಲ್ಲಿದ್ದ ಅವರ ಅಣ್ಣ ಕಳಿಸಿದ್ದು. ಕವರಿನ ಮೇಲೆ ಒಂದು ಖಾಲಿ ರಸ್ತೆ, ಮುಚ್ಚಿದ ಪೆಟ್ರೋಲ್ ಪಂಪು, ಅದರ ಮುಂದೆ ಒಂದು ಮುರುಕು ಕುರ್ಚಿ. ಹಾಡುವವನ ಗಂಟಲು ಶೀತವಾದಂತೆ ಒರಟು. ಬ್ಯಾಂಜೋ ಎಂಬ ವಾದ್ಯದ ಸದ್ದು ನಮ್ಮ ಖಣಿಯಲ್ಲಿ ಕಲ್ಲು ಸೀಳುವ ಚಾಣದ ಮೇಲೆ ಸುತ್ತಿಗೆ ಬಿದ್ದಂತೆ, ಟಿಣ್ ಟಿಣ್.

"ಇದು ಕಂಟ್ರಿ ಹಾಡು, ಅಂದ್ರ ಆ ದೇಶದ ಹಳ್ಳಿ ಕಡೀ ಹಾಡು," ಎಂದಿದ್ದರು ಮಿಸ್. "ಆದ್ರ ಇದಕ್ಕ ಆಲ್ಟರ್ನೇಟಿವ್ ಕಂಟ್ರಿ ಅಂತಾರ. ರೇಡಿಯೋದಾಗ ಬರೋದು ಪಾಲಿಶ್ ಮಾಡಿದ ಫರಸಿ. ಇದು ಪಾಲಿಶ್ ಮಾಡಲಾರದ್ದು."

ಫರಸಿ ಎಂದರೆ ನಮ್ಮೂರಿನ ಹಾಸುಗಲ್ಲು. ಅಷ್ಟು ಹೇಳಿದರೆ ನಮಗೆ ಸಾಕಾಗಿತ್ತು.

ಸೂಜಿ ಇಡುವ ಕೆಲಸ ನನ್ನದು. ನಲವತ್ತು ಮಕ್ಕಳಲ್ಲಿ ನನ್ನ ಕೈ ಒಂದೇ ನಡುಗುವುದಿಲ್ಲ ಎಂದು ಮಿಸ್ ನಂಬಿದ್ದರು. ಆ ನಂಬಿಕೆಯಿಂದಲೇ, ರಜೆಯಲ್ಲಿ ಅವರ ಕ್ವಾರ್ಟರ್ಸಿಗೆ ಸುಣ್ಣ ಬಳಿಯುವವರು ಬರುತ್ತಾರೆಂದು, ಆ ರೆಕಾರ್ಡನ್ನು ನನ್ನ ಕೈಗೆ ಕೊಟ್ಟರು. "ಇಂಥಾ ರೆಕಾರ್ಡ್ ಕೆಲವೇ ಒತ್ಯಾರಂತ ನೀಲಾ. ಇನ್ನೊಂದು ಸಿಗಂಗಿಲ್ಲ. ನಿಲ್ಲಿಸಿ ಇಡು, ಮ್ಯಾಲೆ ಏನೂ ಹೇರಬ್ಯಾಡ, ಧೂಳು ಕೂಡಗೊಡಬ್ಯಾಡ. ಜೂನ್ ತಿಂಗಳ ಮೊದಲ ಶನಿವಾರ ನೀನೇ ಹಚ್ಚಬೇಕು."

ಬಿಸಿಲಿನ ಮಾತು ಅವರು ಹೇಳಲಿಲ್ಲ. ಇಂಥ ಮಗುವಿಗೆ ಅದನ್ನು ಹೇಳಬೇಕೆಂದು ಅವರಿಗಾದರೂ ಹೇಗೆ ತೋಚಬೇಕು?

ದಿನಕ್ಕೆ ಮೂರು ಬಾರಿ ತೆಗೆದು ನೋಡುತ್ತಿದ್ದೆ. ನೋಡಿದಷ್ಟೂ ಧೂಳು ಕೂಡುತ್ತಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ ತಡೆಯಲಾರದೆ ಸೋಪಿನ ನೀರಿನಲ್ಲಿ ಮೆಲ್ಲಗೆ ತೊಳೆದೆ. ಮಾಳಿಗೆಯ ಮೇಲೆ ಅವ್ವ ಸಂಡಿಗೆ ಹಾಕಿದ್ದಳು. ಅದರ ಪಕ್ಕದಲ್ಲಿ, ಬರೀ ಫರಸಿಯ ಮೇಲೆ, ರೆಕಾರ್ಡನ್ನು ಒಣಗಲು ಇಟ್ಟು ಕೆಳಗಿಳಿದು ಮಾವಿನಹಣ್ಣು ತಿನ್ನುತ್ತ ಕೂತೆ.

ಮೇಲಿನಿಂದ ಅವ್ವನ ಕೂಗು ಬಂತು. "ಏ ನೀಲಾ! ಸಂಡಿಗಿ ಬಾಜೂಕ ಈ ಕರೀ ಹಪ್ಪಳ ಯಾರು ಒಣಗಿಸ್ಯಾರ?"

ಓಡಿ ಹೋಗಿ ನೋಡಿದೆ. ಒಂದು ಅಂಚು ಎದ್ದಿತ್ತು, ಇನ್ನೊಂದು ಕುಸಿದಿತ್ತು. ಎಣ್ಣೆಗೆ ಬಿಟ್ಟ ಹಪ್ಪಳವೇ. ಮುಟ್ಟಿದರೆ ಮೆತ್ತಗಿತ್ತು. ಒತ್ತಿ ಸರಿ ಮಾಡಲು ಹೋದವಳ ಕೈಯನ್ನು ಅವ್ವ ಹಿಡಿದಳು.

"ನೀ ಮಾಡಿದ್ದು ಸಾಕು. ನಡೀ ಖಾಜಾ ಮಾಮಾನ ಕಡೀ."

ಖಾಜಾ ಮಾಮಾ ನಮ್ಮ ಪಕ್ಕದ ಮನೆಯವರು, ಓಣಿಯ ಫರಸಿ ಪಾಲಿಶ್ ಯಾರ್ಡಿನ ಮಿಸ್ತ್ರಿ. ರೆಪ್ಪೆಯ ತನಕ ಬಿಳಿ ಹಿಟ್ಟು. ರೆಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಫರಸಿಯ ಡೊಂಕು ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿದರು.

"ಯಾ ಅಲ್ಲಾ! ಬೇಟಿ, ಇದ್ರಾಗ ಹಾಡು ಎಲ್ಲ್ಯದ?"

"ಗೆರಿಯಾಗ ಅದರಿ ಮಾಮಾ," ಎನ್ನುತ್ತ ನಾನು ಅಳಲು ಶುರು ಮಾಡಿದೆ.

"ಗೆರಿ ಹೋಗಿಲ್ಲಲ್ಲ, ಮತ್ಯಾಕ ಅಳಾಕತ್ತಿ? ಡೊಂಕಾಗ್ಯದ, ಅಷ್ಟೇ. ನಮ್ಮ ಮ್ಯಾನೇಜರ್ ಸಾಹೇಬ್ರಿಗಿಂತ ಜರಾ ಕಮ್ಮೀನೇ ಡೊಂಕದ."

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ನಗು ಬರಲಿಲ್ಲ.

ರೆಕಾರ್ಡು ಒತ್ತಲು ಮಾಮಾ ಕಲ್ಲು ಆರಿಸಿದ್ದನ್ನು ನಾನು ಮರೆತಿಲ್ಲ. ಯಾರ್ಡಿನಲ್ಲಿ ಪಾಲಿಶ್ ಆದ ಫರಸಿಗಳ ಸಾಲಿನಲ್ಲಿ ಒಂದೊಂದರ ಮೇಲೂ ಅಂಗೈ ಆಡಿಸಿದರು, ಅಳತೆ ಪಟ್ಟಿ ಇಟ್ಟು ಅದರ ಕೆಳಗೆ ಬೆಳಕು ಹಾಯುತ್ತದೆಯೇ ಎಂದು ಬಗ್ಗಿ ನೋಡಿದರು. ಹನ್ನೊಂದು ಕಲ್ಲು ಬಿಟ್ಟು ಎರಡು ತೆಗೆದರು. ಅವೆರಡನ್ನೂ ಬಿಸಿಲಿಗೆ ಹಚ್ಚಿ, ಮುಂಗೈ ತಾಗಿಸಿ ಶಾಖ ನೋಡುತ್ತ ನಿಂತರು.

"ಯಾವ ಬಿಸಿಲು ಕೆಡಿಸ್ಯದೋ ಅದೇ ಮೆತ್ತಗ ಮಾಡಬೇಕು. ಥಂಡಿ ಇದ್ದಾಗ ಒತ್ತಿದ್ರ ಟಪ್ಪಂತ ಸೀಳ್ತದ."

ಅವ್ವ ತನ್ನ ಹಳೆಯ ರೇಷ್ಮೆ ಕುಪ್ಪಸವನ್ನು ಹರಿದು ಕೊಟ್ಟಳು. ಬಿಸಿ ಕಲ್ಲು, ರೇಷ್ಮೆ, ರೆಕಾರ್ಡು, ರೇಷ್ಮೆ, ಮತ್ತೆ ಬಿಸಿ ಕಲ್ಲು. ಎಲ್ಲವನ್ನೂ ನಮ್ಮ ಮನೆಯ ನೆರಳಿನ ಪಡಸಾಲೆಗೆ ತಂದು ಮೇಲೆ ಇನ್ನೆರಡು ಫರಸಿ ಹೇರಿದರು.

"ಎಂಟು ದಿನ ಎತ್ತಿ ನೋಡಬಾರದು. ನಿನಗ ತಡಿಯಂಗಿಲ್ಲ, ಗೊತ್ತದ ನನಗ. ಅದಕ್ಕ ನೀನೇ ಮ್ಯಾಲೆ ಕುಂದ್ರು. ಕಲ್ಲಿಗಿ ಭಾರಾನೂ ಆತು, ಕಾವಲೂ ಆತು."

"ಸೀದಾ ಆಗ್ತದೇನ್ರಿ ಮಾಮಾ? ಮಿಸ್ಸಿಗಿ ಗೊತ್ತಾಗಂಗಿಲ್ಲಲ್ಲ?"

ಅವರು ಕೈ ಜಾಡಿಸಿಕೊಂಡರು. "ಸೀದಾ ಮಾಡೋದು ನನ್ನ ಕೆಲ್ಸ. ಮಿಸ್ಸಿಗಿ ಹೇಳೋದು ನಿನ್ನ ಕೆಲ್ಸ."

ಎಂಟು ಮಧ್ಯಾಹ್ನ ಆ ಕಲ್ಲುಗಳ ಮೇಲೆ ಕೂತೆ. ಅಲ್ಲೇ ಊಟ, ಅಲ್ಲೇ ಗೆಳತಿಯರೊಡನೆ ಚೌಕಾಬಾರಾ ಆಟ. ಮಿಸ್ಸಿಗೆ ಹೇಳುವ ಮಾತನ್ನು ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಬಾಯಿಪಾಠ ಮಾಡಿದೆ. ಒಂಬತ್ತನೆಯ ದಿನ ಮಾಮಾ ಕಲ್ಲೆತ್ತಿದರು. ಒಂದು ಕಡೆ ಬೆರಳಗಲದಷ್ಟು ಜಾಗದಲ್ಲಿ ಸಣ್ಣ ಅಲೆ ಉಳಿದಿತ್ತು. ಮಿಕ್ಕದ್ದೆಲ್ಲ ಸಪಾಟು.

ಜೂನಿನ ಮೊದಲ ಶನಿವಾರ ಮಿಸ್ ಕವರಿನಿಂದ ರೆಕಾರ್ಡು ತೆಗೆಯುವ ಮೊದಲೇ ಹೇಳಿಬಿಟ್ಟೆ. ಬಾಯಿಪಾಠ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. "ಮಿಸ್, ನಾ ತೊಳೆದು ಬಿಸಿಲಿಗಿಟ್ಟಿದ್ದೆ," ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಿಂತೆ. ಅವರು ಕವರಿನಿಂದ ರೆಕಾರ್ಡು ತೆಗೆದು ಆ ಸಣ್ಣ ಅಲೆಯ ಮೇಲೆ ಬೆರಳಾಡಿಸಿದರು. ರೆಕಾರ್ಡನ್ನು ತಟ್ಟೆಯ ಮೇಲಿಟ್ಟು, "ಹಚ್ಚು," ಎಂದರು.

ಬಲಗೈಯನ್ನು ಎಡಗೈಯಿಂದ ಹಿಡಿದು ಸೂಜಿ ಇಟ್ಟೆ. ಸೂಜಿ ಪ್ರತಿ ಸುತ್ತಿಗೂ ಒಮ್ಮೆ ಎದ್ದು ಇಳಿಯಿತು. ಆ ಒರಟು ಗಂಟಲು ಪ್ರತಿ ಸುತ್ತಿಗೊಮ್ಮೆ ತೂಗಿದಂತಾಯಿತು, ಆದರೆ ಹಾಡು ಎಲ್ಲೂ ಕಡಿಯಲಿಲ್ಲ. ಮಿಸ್ ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು.

"ವಾಡಿ ಪ್ಯಾಸೆಂಜರ್‌ದಾಗ ಕುಂತು ಹಾಡಿದಂಗದ," ಎಂದರು. "ಮುಂದಿನ ಶನಿವಾರನೂ ನೀನೇ ಹಚ್ಚು."

ನಿವೃತ್ತರಾಗಿ ವಾಡಿ ಬಿಡುವಾಗ ಅವರು ಆ ರೆಕಾರ್ಡನ್ನು ನನಗೇ ಕೊಟ್ಟರು. ಈಗ ಅದು ಸೇಡಂನ ನನ್ನ ಮನೆಯಲ್ಲಿ, ದೇವರ ಕೋಣೆಯ ಪಕ್ಕದ ತಣ್ಣನೆಯ ಕಪಾಟಿನಲ್ಲಿ, ಇನ್ನು ಹದಿಮೂರು ರೆಕಾರ್ಡುಗಳ ಜೊತೆ ನೆಟ್ಟಗೆ ನಿಂತಿದೆ. ನಮ್ಮ ಓಣಿಯ ಯಾರ್ಡುಗಳಲ್ಲಿ ಬಹಳಷ್ಟು ಮುಚ್ಚಿವೆ. ಹೊಸ ಮನೆಗಳಿಗೆ ಹೊಳೆಯುವ ಟೈಲ್ಸು ಬಂದಿವೆ. ಅಂಗೈಯಿಂದ ಕಲ್ಲಿನ ಮಟ್ಟ ಹೇಳುತ್ತಿದ್ದ ಖಾಜಾ ಮಾಮಾ ಇಲ್ಲ. ತವರಿಗೆ ಹೋದರೆ ಬೆಳಿಗ್ಗೆ ಒರೆಸಿದ ಕಿಟಕಿ ಸಂಜೆಯವರೆಗೂ ಸ್ವಚ್ಛವಾಗಿರುತ್ತದೆ. ಒಳ್ಳೆಯದೇ. ಆದರೂ ಬೆರಳು ಒಮ್ಮೆ ಗಾಜಿನ ಮೇಲೆ ಹೋಗಿ, ಹೆಸರು ಬರೆಯಲು ಏನೂ ಸಿಗದೆ ಹಿಂದಕ್ಕೆ ಬರುತ್ತದೆ.

ಆ ಎರಡು ಫರಸಿ ಮಾತ್ರ ನನ್ನ ಜೊತೆ ಬಂದಿವೆ. ಕಳೆದ ವಾರ, ನಾನು ಡೊಂಕು ಸರಿ ಮಾಡುತ್ತೇನೆಂದು ಯಾರಿಂದಲೋ ಕೇಳಿ, ಚಿತ್ತಾಪುರದಿಂದ ಒಬ್ಬ ಕಾಲೇಜು ಹುಡುಗಿ ಡೊಂಕಾದ ರೆಕಾರ್ಡೊಂದನ್ನು ಎದೆಗವಚಿಕೊಂಡು ಬಂದಳು. ಅವಳ ಅಜ್ಜನದಂತೆ. ಬಸ್ಸಿನ ಕಿಟಕಿಯ ಬಿಸಿಲಿಗೆ ಹಾಗಾಯಿತಂತೆ. ಕಣ್ಣಲ್ಲಿ ನೀರು. ನಾನು ಕಲ್ಲು ಬಿಸಿಲಿಗೆ ಹಚ್ಚಿ, ಮುಂಗೈ ತಾಗಿಸಿ ನೋಡಿದೆ.

ದಿನಾ ಅವಳ ಫೋನು ಬರುತ್ತದೆ. "ಆಂಟಿ, ಎತ್ತಿ ನೋಡಿದ್ರೇನ್ರಿ?"

"ಇಲ್ಲವ್ವ. ಇನ್ನೂ ಎರಡು ದಿನ ಅದ," ಎನ್ನುತ್ತೇನೆ.

ನನಗೂ ತಡೆಯುವುದಿಲ್ಲ. ಅದಕ್ಕೇ ಮಧ್ಯಾಹ್ನದ ಚಹಾ ಹಿಡಿದು ಹೋಗಿ ಆ ಕಲ್ಲುಗಳ ಮೇಲೆಯೇ ಕೂರುತ್ತೇನೆ.