‘ಕಾಯಿ ಬ್ಯಾಡ’ ಬರೆದ ನಮ್ಮ ವೈನಿ

ನಮ್ಮ ವೈನಿಯ ಎಡಗೈ, ಕಿರುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ, ಸದಾ ಕಪ್ಪಗಿರುತ್ತಿತ್ತು. ಆಕೆ ಎಡಚಿ. ಎಡದಿಂದ ಬಲಕ್ಕೆ ಬರೆಯುತ್ತ ಹೋದಂತೆ ಆಗಷ್ಟೇ ಬರೆದದ್ದರ ಮೇಲೇ ಅಂಗೈ ಹರಿದು ಮಸಿಯೆಲ್ಲ ಮೆತ್ತಿಕೊಳ್ಳುತ್ತಿತ್ತು. ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ. ಬಡಿಸುವಾಗ ಮಾತ್ರ ಸೌಟು ಬಲಗೈಗೆ ಬರುತ್ತಿತ್ತು. ಮದುವೆಯ ಮನೆಯಲ್ಲೇ ಅವ್ವ, ‘ಎಡಗೈಲೆ ಬಡಸಬ್ಯಾಡವಾ, ಮಂದಿ ನೋಡ್ತಾರ’ ಎಂದಿದ್ದಳಂತೆ. ಅಂದಿನಿಂದ ವೈನಿ ಬಲಗೈಯಲ್ಲೇ ಬಡಿಸಿದಳು. ಸಾರು ತಾಟಿನ ಅಂಚಿಗೆ ಚೆಲ್ಲುತ್ತಿತ್ತು. ಅದನ್ನೂ ಅವ್ವ ಹೇಳಿ ತೋರಿಸುತ್ತಿದ್ದಳು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ನಾನು ಆಕೆಯ ನಾದಿನಿ. ಬೆಳಗಾವಿಯವಳು, ಮರಾಠಿ ಮನೆಮಾತಿನಷ್ಟೇ ಸಲೀಸು. ಅಣ್ಣನಿಗೆ ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಕೆಲಸ. ಬೆಳಗಾಗುವ ಮೊದಲೇ ಕಂಪನಿ ಬಸ್ಸು ಹಿಡಿದರೆ ಕತ್ತಲಾದ ಮೇಲೆ ಬರುತ್ತಿದ್ದ. ಪುಣೆಯ ಧನಕವಡಿಯಲ್ಲಿ ಅವರದೊಂದು ಚಿಕ್ಕ ಫ್ಲ್ಯಾಟು. ಅಪ್ಪ ತೀರಿಕೊಂಡ ಮೇಲೆ ಧಾರವಾಡದಿಂದ ಅವ್ವ ಮತ್ತು ನಾನು ಅಲ್ಲಿಗೇ ಬಂದೆವು. ನಾನು ಒಂದು ಡಿಟಿಪಿ ಅಂಗಡಿಗೆ ಸೇರಿ ಲಗ್ನಪತ್ರಿಕೆ ಟೈಪು ಮಾಡತೊಡಗಿದೆ. ಅವ್ವನಿಗೆ ಮಾತ್ರ ಹೊಸ ಊರಿನಲ್ಲಿ ಮಾಡಲು ಏನೂ ಇರಲಿಲ್ಲ. ಮರಾಠಿ ಒಂದಕ್ಷರ ಬರುತ್ತಿರಲಿಲ್ಲ.

ಕೆಳಗೆ ಭಾಜಿಯ, ಎಂದರೆ ತರಕಾರಿಯ, ಗಾಡಿಯವನು ಬಂದು, ‘ಕಾಯ ಪಾಹಿಜೆ, ಆಜಿ?’ ಎಂದು ಕೇಳುತ್ತಿದ್ದ. ಏನು ಬೇಕು ಅಜ್ಜಿ, ಎಂದು. ಅವ್ವನ ಕಿವಿಗೆ ಬೀಳುತ್ತಿದ್ದುದು ‘ಕಾಯಿ’ ಒಂದೇ. ‘ಕಾಯಿ ಬ್ಯಾಡೋ ತಮ್ಮಾ, ಟಮಾಟಿ ಕೊಡು’ ಎನ್ನುತ್ತಿದ್ದಳು. ಅವನು ಮತ್ತೆ ‘ಕಾಯ?’ ಎನ್ನುವನು. ‘ಬ್ಯಾಡಂದ್ನಲ್ಲಾ! ಮನ್ಯಾಗ ನಾಕು ತೆಂಗಿನಕಾಯಿ ಬಿದ್ದಾವ’ ಎಂದು ಅವ್ವ ರೇಗುವಳು. ಮೇಲೆ ಬಂದು, ‘ಈ ಊರಾಗ ದಿನಾ ಕಾಯಿ ಮಾರಾಕ ನಿಂತಿರ್ತಾರವಾ’ ಎಂದು ವೈನಿಗೆ ದೂರು ಹೇಳಿದಳು. ವೈನಿ ನಗು ತಡೆಯಲು ಅಡುಗೆಮನೆಗೆ ಓಡಿದಳು. ಅಣ್ಣನ ಆಫೀಸಿನ ಒಂದು ಬದಿ ಖಾಲಿಯಿದ್ದ ಹಾಳೆಯ ಮೇಲೆ ಮಧ್ಯಾಹ್ನದೊಳಗೆ ಅದು ನಾಲ್ಕು ಚೌಕಗಳ ಚಿತ್ರಕಥೆಯಾಗಿತ್ತು. ಅವ್ವನ ದೊಡ್ಡ ಮೂಗು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಗಾಡಿಯವನ ಬಿಟ್ಟ ಬಾಯಿ, ಎಲ್ಲ ಜೀವಂತ.

ಅದನ್ನು ಅಂತರ್ಜಾಲದಲ್ಲಿ ಹಾಕಬೇಕೆಂದದ್ದು ನಾನು. ಚಿತ್ರಕಥೆಗಳಿಗೆ ಬಿಟ್ಟಿ ಜಾಗ ಕೊಡುವ ತಾಣಗಳಿವೆ ಎಂದು ಅಂಗಡಿಯಲ್ಲಿ ಯಾರೋ ಹೇಳಿದ್ದರು. ಮನೆಯಲ್ಲಿ ಅಣ್ಣ ತಂದಿಟ್ಟ ಹಳೆಯ ಕಂಪ್ಯೂಟರಿತ್ತು. ಅವ್ವ ಮಧ್ಯಾಹ್ನ ಮಲಗಿದಾಗ, ರಜೆಯ ದಿನಗಳಲ್ಲಿ, ನಾವಿಬ್ಬರೂ ಅದರ ಮುಂದೆ ಕುಳಿತೆವು. ನಾನು ಯಾವುದೋ ಒಂದರಲ್ಲಿ ಹಾಕಿ ಮುಗಿಸೋಣವೆಂದರೆ ವೈನಿ ಕೇಳಲಿಲ್ಲ. ‘ಸೀರಿ ತಗೊಳ್ಳೋವಾಗ ನಾಕು ಬಿಚ್ಚಿಸಿ ನೋಡ್ತೀವಿಲ್ಲೋ? ಎರಡರಾಗೂ ಹಾಕು. ನೋಡೂಣು.’

ಎರಡು ತಾಣಗಳಲ್ಲೂ ಅವೇ ಚಿತ್ರಗಳನ್ನು ಹಾಕಿ ಕೆಲವು ದಿನ ನೋಡಿದೆವು. ಮೊದಲನೆಯದರಲ್ಲಿ ಎಲ್ಲ ತಯಾರು. ಅವರು ಕೊಟ್ಟ ಕೆಲವೇ ಬಣ್ಣಗಳಲ್ಲಿ ಒಂದನ್ನು ಆರಿಸಿದರೆ ಸಾಕು, ಪುಟ ಎದ್ದು ನಿಲ್ಲುತ್ತಿತ್ತು. ಅದರಾಚೆ ಒಂದು ಗೆರೆಯನ್ನೂ ಸರಿಸುವಂತಿರಲಿಲ್ಲ. ಮೇಲೊಂದು ಜಾಹೀರಾತು ಮಿಣಮಿಣ ಹೊಳೆಯುತ್ತಿತ್ತು: ನೇರವಾಗಿ ಅವ್ವನ ತಲೆಯ ಮೇಲೆ, ಬೊಜ್ಜು ಇಳಿಸುವ ಮಾತ್ರೆ. ‘ಇದು ಬಾಡಿಗಿ ಮನಿ ಇದ್ದಂಗ ಅದವಾ’ ಎಂದಳು ವೈನಿ. ‘ಗ್ವಾಡಿಗೆ ಒಂದ್ ಮೊಳಿ ಸೈತ ಹೊಡ್ಯಾಂಗಿಲ್ಲ.’

ಎರಡನೆಯದು ಇನ್ನೊಂದು ತರಹ. ಪುಟದ ಇಡೀ ಹಂದರವನ್ನೇ ತೆರೆದು ಕೈಗೆ ಕೊಡುತ್ತಿದ್ದರು. ಬಣ್ಣ, ಅಂಚು, ಪುಟ ತಿರುಗಿಸಲು ಒತ್ತುವ ಗುಂಡಿಗಳು, ಎಲ್ಲ ನಮ್ಮಿಷ್ಟ. ಆದರೆ ಕೋಡಿನಲ್ಲಿ ಒಂದು ಚಿಹ್ನೆ ತಪ್ಪಿದರೂ ಪುಟವೇ ಕುಸಿದು ಬೀಳುತ್ತಿತ್ತು. ನಾನು ಅಂಗಡಿಯಲ್ಲಿ ಕೇಳಿ ಬಂದು, ಮನೆಯಲ್ಲಿ ಕೆಡಿಸಿ, ಮತ್ತೆ ಕೇಳಿ ಬಂದು ಅದನ್ನು ಕಲಿತೆ. ವೈನಿ ಗುಂಡಿಗಳನ್ನೂ ತಾನೇ ಬರೆದಳು. ಮೊದಲ ಪುಟಕ್ಕೆ ರಂಗೋಲಿ, ಹಿಂದಿನದಕ್ಕೆ ಹೊರಳಿ ನೋಡುವ ಬೆಕ್ಕು, ಮುಂದಿನದಕ್ಕೆ ಓಡುವ ರಿಕ್ಷಾ, ಕೊನೆಯದಕ್ಕೆ ಉಂಡು ಮಡಚಿದ ಬಾಳೆಲೆ. ಆಗ ಎಷ್ಟೋ ಕಂಪ್ಯೂಟರುಗಳಲ್ಲಿ ಕನ್ನಡ ಬರೀ ಡಬ್ಬಿ ಡಬ್ಬಿಯಾಗಿ ಕಾಣುತ್ತಿತ್ತು. ಅದಕ್ಕೇ ಹೆಸರನ್ನೂ ಚಿತ್ರವಾಗಿಯೇ ಬರೆದು ಮೇಲೆ ಕೂರಿಸಿದಳು: ‘ಕಾಯಿ ಬ್ಯಾಡ’.

ಇನ್ನೊಂದು ವ್ಯತ್ಯಾಸವಿತ್ತು. ಮೊದಲ ತಾಣದಲ್ಲಿ ಓದುಗರ ಕಮೆಂಟು ಬರುವ ಜಾಗವನ್ನು ತೆಗೆಯಲು ಬರುತ್ತಿರಲಿಲ್ಲ. ಎರಡನೆಯದರಲ್ಲಿ ಇಟ್ಟರೆ ಇಟ್ಟೆವು, ಬಿಟ್ಟರೆ ಬಿಟ್ಟೆವು.

‘ತಗದುಬಿಡು’ ಎಂದಳು ವೈನಿ. ‘ಮಂದಿ ಮಾತು ನಮಗ್ಯಾಕ?’

‘ಇರಲಿ ಬಿಡ್ರಿ ವೈನಿ. ಮಂದಿ ಮಾತಾಡಲಿಲ್ಲಂದ್ರ ಮತ್ತ ಯಾಕ ಬರ್ತಾರ?’ ಎಂದೆ.

ಎರಡನೆಯ ತಾಣವನ್ನೇ ಇಟ್ಟುಕೊಂಡೆವು. ಕಮೆಂಟಿನ ಜಾಗವೂ ಉಳಿಯಿತು.

ಮಂದಿ ಬಂದರು. ಪುಣೆಯದೇ ವಾಕಡದಲ್ಲಿದ್ದ ಕನ್ನಡದ ಹುಡುಗರು, ಹುಬ್ಬಳ್ಳಿಯವರು, ದೂರದ ದೇಶಗಳಲ್ಲಿ ಕುಳಿತು ಜೋಳದ ರೊಟ್ಟಿ ನೆನೆಯುವವರು. ಎಲ್ಲರಿಗೂ ಚಿತ್ರದ ಅತ್ತಿಯೇ, ಎಂದರೆ ನಮ್ಮ ಅವ್ವನೇ, ಬೇಕು. ವೈನಿ ಒಮ್ಮೆ ಬಸ್ಸಿನ ಗದ್ದಲ ಬರೆದಳು, ಒಮ್ಮೆ ನಲ್ಲಿಯ ಸರದಿ ಬರೆದಳು. ‘ಅತ್ತಿ ಎಲ್ರಿ?’ ಎಂದು ಕೇಳಿದರು. ನಾನು ಅವನ್ನೆಲ್ಲ ಓದಿ ಹೇಳುತ್ತಿದ್ದೆ. ‘ಅತ್ತೀ ಚಿತ್ರ ತಗೀರಿ ವೈನಿ, ಅತ್ತಿ ಇದ್ದಾಗ ಭಾಳ ಮಂದಿ ಬರ್ತಾರ.’ ವೈನಿ ಮಸಿಗೈಯಿಂದ ಹಣೆ ಒರೆಸಿಕೊಂಡು, ‘ಪಾಪ, ಅವರನ್ನ ಎಷ್ಟಂತ ತಗೀಲಿ’ ಎನ್ನುತ್ತಲೇ ಪೆನ್ಸಿಲ್ ಎತ್ತಿಕೊಳ್ಳುತ್ತಿದ್ದಳು. ಆಕೆಗೂ ಅದು ಸಿಹಿಯಾಗಿತ್ತು ಎಂಬುದು ಸುಳ್ಳಲ್ಲ. ಆ ಮನೆಗೆ ಬಂದ ಮೇಲೆ ಆಕೆಯನ್ನು ಬಾಯ್ತುಂಬ ಹೊಗಳಿದವರು ಆ ಗುರುತಿಲ್ಲದ ಮಂದಿ ಮಾತ್ರ.

ಪಕ್ಕದ ಫ್ಲ್ಯಾಟಿನಲ್ಲಿ ಒಬ್ಬ ಮರಾಠಿ ಮುದುಕಿಯಿದ್ದಳು. ಎಲ್ಲರೂ ಕಾಕು ಎನ್ನುತ್ತಿದ್ದರು. ಅವರ ಗ್ಯಾಲರಿಗೂ, ಎಂದರೆ ಬಾಲ್ಕನಿಗೂ, ನಮ್ಮದಕ್ಕೂ ನಡುವೆ ಮೋಟುಗೋಡೆ ಮಾತ್ರ. ಸಂಜೆ ಅವ್ವ ಈಚೆ, ಕಾಕು ಆಚೆ. ಅವ್ವ ಕನ್ನಡದಲ್ಲಿ ಮಾತಾಡುವಳು, ಕಾಕು ಮರಾಠಿಯಲ್ಲಿ. ಒಬ್ಬರದು ಒಬ್ಬರಿಗೆ ತಿಳಿಯದು, ಆದರೂ ದೀಪ ಹಚ್ಚುವವರೆಗೆ ಮಾತು ನಿಲ್ಲದು. ಅಡುಗೆಮನೆಯ ಕಿಟಕಿ ಗ್ಯಾಲರಿಗೇ ತೆರೆಯುತ್ತಿತ್ತು. ವೈನಿಗೆ ಎರಡೂ ಭಾಷೆ ಬರುತ್ತಿದ್ದುದರಿಂದ ಎಲ್ಲ ಕೇಳಿಸುತ್ತಿತ್ತು.

ಅದನ್ನೂ ಬರೆದಳು. ಚಿತ್ರದಲ್ಲಿ ಅತ್ತಿ, ತನ್ನ ಗಂಡ ಕೊನೆಯ ದಿನ ನೀರು ಕೇಳಿದ್ದು, ತಾನು ಒಲೆಯ ಮುಂದಿನಿಂದ ಏಳಲು ತಡಮಾಡಿದ್ದು, ಅಷ್ಟರಲ್ಲಿ ಅವನು ಹೋಗಿದ್ದು, ಇದನ್ನು ಹೇಳುತ್ತಾಳೆ. ಕಾಕು ತಲೆಯಾಡಿಸಿ, ಈ ಸಲ ಸಾಸವಡದ ಸೀತಾಫಲ ಚೆನ್ನಾಗಿಲ್ಲ ಎನ್ನುತ್ತಾಳೆ. ‘ಹೌದ್ರಿ, ಖರೇ’ ಎಂದು ಅತ್ತಿ ನಿಟ್ಟುಸಿರು ಬಿಡುತ್ತಾಳೆ. ಅಪ್ಪ ಹೋದ ಬಗೆ ನಮಗ್ಯಾರಿಗೂ ಅವ್ವ ಹಾಗೆ ಹೇಳಿರಲಿಲ್ಲ. ನನಗದು ಮೊದಲು ಗೊತ್ತಾದದ್ದು ಆ ಚಿತ್ರದಿಂದ. ಗೊತ್ತಾದರೂ ನಾನು ಅದನ್ನು ಸ್ಕ್ಯಾನ್ ಮಾಡಿ ಹಾಕಿದೆ. ಹಿಂದೆಂದೂ ಬರದಷ್ಟು ಮಂದಿ ಬಂದರು. ನಕ್ಕು ನಕ್ಕು ಸಾಕಾಯಿತು ಎಂದು ಬರೆದರು. ಗೆಳೆಯರಿಗೆ ಮೇಲ್‌ನಲ್ಲಿ ಕಳಿಸಿದರು.

ಸ್ವಲ್ಪ ದಿನಕ್ಕೆ ಪುಣೆಯಲ್ಲೇ ನಮ್ಮ ಸಂಬಂಧಿಕರ ಲಗ್ನ. ಊಟದ ಪಂಕ್ತಿಯಲ್ಲಿ ಒಬ್ಬ ಹುಡುಗಿ ಅವ್ವನನ್ನು ನೋಡಿ, ‘ಅಜ್ಜಿ, ಕಾಯಿ ಬ್ಯಾಡ ಅನ್ನೋರು ನೀವೇ ಏನ್ರಿ?’ ಎಂದು ಕೈಹಿಡಿದುಕೊಂಡಳು. ಸುತ್ತಲಿದ್ದವರು ನಕ್ಕರು. ಅವ್ವನೂ ಏನೂ ತಿಳಿಯದೆ ನಕ್ಕಳು.

ಮನೆಗೆ ಬಂದು ಸೀರೆ ಕೂಡ ಬದಲಿಸದೆ, ‘ಏನದು, ತೋರಸು’ ಎಂದು ನನ್ನನ್ನು ಕೇಳಿದಳು. ವೈನಿ ಬಾಗಿಲಲ್ಲಿ ನಿಂತಳು. ನಾನು ಮೊದಲ ಪುಟದಿಂದ ತೆರೆದು ಓದಿ ಹೇಳತೊಡಗಿದೆ. ಭಾಜಿಯ ಗಾಡಿ ಬಂದಾಗ ಅವ್ವ ಜೋರಾಗಿ ನಕ್ಕಳು. ‘ನನ್ನ ಮೂಗು ಇಷ್ಟ್ ದೊಡ್ಡದದ ಏನ?’ ಎಂದಳು. ನನಗೆ ಧೈರ್ಯ ಬಂತು. ರಿಕ್ಷಾ ಒತ್ತುತ್ತ ಹೋದೆ. ಗ್ಯಾಲರಿಯ ಚಿತ್ರ ಬಂದೇಬಿಟ್ಟಿತು. ನಾನು ಓದಲಿಲ್ಲ. ಅವ್ವನಿಗೆ ಓದಲು ಬರುತ್ತಿತ್ತು. ತಾನೇ ಓದಿಕೊಂಡಳು.

ವೈನಿಯ ಕಡೆ ತಿರುಗಿ, ಸಿಟ್ಟಿಲ್ಲದೆ ಹೇಳಿದಳು: ‘ಅಕೀಗೆ ನನ್ನ ಮಾತು ತಿಳಿಯೂದಿಲ್ಲಂತ ನನಗ ಗೊತ್ತದವಾ. ತಿಳಿಯೂದಿಲ್ಲಂತನ ಅಕೀ ಮುಂದ ಹೇಳ್ಕೋತಿದ್ದೆ.’

ವೈನಿ ಬಾಗಿಲು ಬಿಟ್ಟು ಒಳಗೆ ಬಂದು, ‘ತಪ್ಪಾತ್ರಿ ಅತ್ತಿ’ ಎಂದಳು. ಅವ್ವ ಎದ್ದು ಸೀರೆ ಬದಲಿಸಲು ಹೋದಳು.

ಆ ಪುಟವನ್ನು ಅದೇ ದಿನ ಅಳಿಸಿದೆವು. ಎರಡನೆಯ ತಾಣದಲ್ಲಿ ಅದು ಸುಲಭವಿತ್ತು. ಆದರೆ ಮಂದಿ ಮೇಲ್‌ನಲ್ಲಿ ಕಳಿಸಿದ್ದನ್ನು ಅಳಿಸುವ ಗುಂಡಿ ಯಾವ ತಾಣದಲ್ಲೂ ಇರಲಿಲ್ಲ. ಕಮೆಂಟಿನ ಜಾಗವನ್ನೂ ವೈನಿ ತೆಗೆಸಿದಳು. ಒಂದಿಷ್ಟು ದಿನ ತನ್ನನ್ನೇ ಬರೆದಳು: ಹಾಲು ಉಕ್ಕಿಸಿದ್ದು, ದಾರಿ ತಪ್ಪಿದ್ದು. ಯಾರೂ ಬರಲಿಲ್ಲ. ಆಮೇಲೆ ಬರೆಯುವುದನ್ನೇ ಬಿಟ್ಟಳು. ಆ ತಾಣ ಮುಂದೊಮ್ಮೆ ಮುಚ್ಚುತ್ತೇವೆಂದು ತಿಳಿಸಿದಾಗ, ಇದ್ದದ್ದನ್ನು ಉಳಿಸಿಕೊಳ್ಳೋಣವೇ ಎಂದು ಕೇಳಿದೆ. ‘ಹೋಗಲಿ ಬಿಡು’ ಎಂದಳು.

ಆ ಲಗ್ನದ ದಿನದಿಂದಲೇ ಅವ್ವ ಸಂಜೆ ಗ್ಯಾಲರಿಗೆ ಹೋಗುವುದನ್ನು ನಿಲ್ಲಿಸಿದ್ದಳು. ಅದನ್ನು ವೈನಿಗೆ ತಾಳಲಾಗಲಿಲ್ಲ. ಒಂದು ದಿನ ಕಾಕುವಿನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಕಾಕು ಬೈಯಲಿಲ್ಲ. ಮರುದಿನ ಸಂಜೆ ಒಂದು ಸೂಡು ಮೆಂತ್ಯೆ ಹಿಡಿದು ತಾನೇ ನಮ್ಮ ಗ್ಯಾಲರಿಗೆ ಬಂದು ಅವ್ವನ ಪಕ್ಕ ಕುಳಿತಳು. ಸೊಪ್ಪು ಸೋಸಿದಳು, ಮರಾಠಿಯಲ್ಲಿ ಏನೇನೋ ಹೇಳಿದಳು. ಅವ್ವ ಅಂದು ಮಾತಾಡಲಿಲ್ಲ. ಕಾಕು ಬರುವುದನ್ನು ಬಿಡಲಿಲ್ಲ. ನಿಧಾನಕ್ಕೆ ಅವ್ವನ ದನಿ ಮತ್ತೆ ಕೇಳತೊಡಗಿತು. ಆಗೆಲ್ಲ ವೈನಿ ಅಡುಗೆಮನೆಯ ಕಿಟಕಿ ಮುಚ್ಚಿ ಮಿಕ್ಸರ್ ಹಚ್ಚುತ್ತಿದ್ದಳು. ಒಮ್ಮೆ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ. ಖಾಲಿ ತಿರುಗುತ್ತಿತ್ತು.

ನಾನು ಆ ಎರಡನೆಯ ತಾಣದಲ್ಲಿ ಕಲಿತ ವಿದ್ಯೆಯಿಂದಲೇ ಮುಂದೆ ವೆಬ್ ಡಿಸೈನ್ ಕೆಲಸ ಹಿಡಿದೆ. ಹೆಸರೂ ಆಯಿತು. ಕಲಿತದ್ದು ಯಾರ ಬದುಕನ್ನು ಹರವಿಟ್ಟು ಎಂಬುದು ಮರೆತಿಲ್ಲ. ನನಗೆ ಕೆಲಸ ಸಿಕ್ಕ ಸುದ್ದಿಗೆ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ವೈನಿ. ನನ್ನ ಲಾಭಕ್ಕೂ ಆಕೆಯ ನಷ್ಟಕ್ಕೂ ಬೇರು ಒಂದೇ ಎಂಬುದು ಆಕೆಯ ಮನಸ್ಸಿಗೆ ಬಂದಂತೆಯೇ ಕಾಣಲಿಲ್ಲ.

ಕೆಲವು ವರ್ಷಗಳ ಮೇಲೆ ಆಕೆಗೆ ಹೊಟ್ಟೆಯ ಕಾಯಿಲೆ ಅಂಟಿತು. ಗೊತ್ತಾಗುವಾಗಲೇ ತಡವಾಗಿತ್ತು. ಆಸ್ಪತ್ರೆಯಲ್ಲಿ ನಾನು ಹೊತ್ತು ಕಳೆಯಲೆಂದು, ಈಗ ಹೊಸ ತಾಣಗಳು ಬಂದಿವೆ, ಯಾರಿಗೆ ಕಾಣಬೇಕೋ ಅವರಿಗಷ್ಟೇ ಕಾಣುವಂತೆ ಬೀಗ ಹಾಕಬಹುದು, ಆರಾಮಾದ ಮೇಲೆ ಮತ್ತೆ ಶುರು ಮಾಡೋಣ ಎಂದೆಲ್ಲ ಹೇಳುತ್ತಿದ್ದೆ. ಆಕೆ ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ.

‘ತಂಗಿ, ಒಮ್ಮೆ ಅಳಿಸಿದ್ದು ಖರೇನ ಹೋಗ್ತದೇನು?’ ಎಂದಳು.

ಆ ಚಿತ್ರ ಆಗಲೂ ಮೇಲ್‌ಗಳಲ್ಲಿ ಓಡಾಡುತ್ತಿತ್ತು. ಯಾರೋ ನನಗೇ ಕಳಿಸಿದ್ದರು. ‘ಹೋಗ್ತದ್ರಿ ವೈನಿ. ಎಲ್ಲೂ ಉಳಿಯೂದಿಲ್ಲ’ ಎಂದೆ.

‘ಹಂಗಾದ್ರ ಛಲೋ ಆತು’ ಎಂದು ಮಗ್ಗುಲಾದಳು. ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ.

ದಿನಕರ್ಮಗಳು ಮುಗಿದು ನೆಂಟರು ಹೊರಟ ಮೇಲೆ ಅವ್ವ ನನ್ನ ಬಳಿ ಬಂದು ಕುಳಿತಳು. ‘ನಂದೂ ಕಾಕೂಂದೂ ಚಿತ್ರ ತಗದಿದ್ಲಲ್ಲ, ಅದು ಅದ ಏನ?’ ಎಂದಳು. ಹಳೆಯ ಮೇಲ್ ಹುಡುಕಿ ತೆರೆದು ಕೊಟ್ಟೆ. ಅವ್ವ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ತನ್ನನ್ನಾಗಲಿ ಕಾಕುವನ್ನಾಗಲಿ ನೋಡಲಿಲ್ಲ. ಕೊನೆಯ ಚೌಕದ ಮೂಲೆಯಲ್ಲಿ ಬೆರಳಿಟ್ಟಳು. ಅಲ್ಲಿ ಕಿಟಕಿಯೊಂದಿತ್ತು. ಕಿಟಕಿಯ ಹಿಂದೆ, ಸರಳು ಹಿಡಿದು ನಿಂತ ಒಬ್ಬ ಹೆಂಗಸು. ಅಷ್ಟು ಚಿಕ್ಕದಾಗಿ ಬರೆದಿದ್ದರಿಂದ ನಾನು ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಆಕೆ ನಗುತ್ತಿರಲಿಲ್ಲ.

‘ಇಲ್ಲೆ ನಿಂತಾಳ ನೋಡು’ ಎಂದಳು ಅವ್ವ. ‘ಕೇಳ್ಕೋತ ನಿಂತಾಳ. ಇದನ್ನ ಅಳಸಬ್ಯಾಡ, ಇರಲಿ.’

ಬೆರಳು ತೆಗೆಯದೆಯೇ ಕೇಳಿದಳು: ‘ನನಗ ಇನ್ನೂ ಸಿಟ್ಟದ ಅಂತ ಕಡೀತನಕಾ ತಿಳ್ಕೊಂಡಿದ್ಲೇನ ಅಕಿ?’

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವ್ವನನ್ನು, ಇನ್ನೂ ಸಿಟ್ಟಿದೆಯೇ ಎಂದು ಕೇಳಿರಲಿಲ್ಲ. ಕೇಳಿದ್ದರೆ ಆಸ್ಪತ್ರೆಯಲ್ಲಿ ವೈನಿಗೆ ಹೇಳಲು ನನ್ನ ಬಳಿ ಒಂದು ನಿಜ ಇರುತ್ತಿತ್ತು. ವೈನಿಗೆ ಒಂದು ಸುಳ್ಳು ಹೇಳಿದ್ದ ಬಾಯಿಗೆ ಅವ್ವನಿಗಾಗಿ ಇನ್ನೊಂದು ಬರಲಿಲ್ಲ. ಆಕೆಯ ಕೈ ಹಿಡಿದುಕೊಂಡೆ.