ಹಲ್ಲಿನ ಸೆಟ್ಟು, ಟಗರು, ಮಂಜನ ಕಾಯಿನ್ನು

ಹೋದ ವಾರ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ತಲೆಗೂದಲು ಕೊಟ್ಟು ಟೀ ಕೇಳಿದೆ.

ಹುಚ್ಚು ಹಿಡಿದಿಲ್ಲ. ಪರೀಕ್ಷೆ ಮಾಡ್ತಾ ಇದ್ದೆ.

ನನ್ನ ಬಾಯಲ್ಲಿ ಈಗ ಇರೋದು ಮೂರೇ ಹಲ್ಲು. ಅವೂ ಒಂದನ್ನೊಂದು ಮುಟ್ಟಲ್ಲ. ಹಿಂದೂಪುರದ ಹಲ್ಲಿನ ಡಾಕ್ಟರು ಸೆಟ್ಟು ಕಟ್ಟಿಸ್ಕೊ ಅಂದರು. ಅದಕ್ಕೇ ಅಂತ ಒಂದು ಟಗರು ಮೇಯಿಸಿದೆ. ಕಲ್ಯಾಣದುರ್ಗದಲ್ಲಿ ಶಾಮಿಯಾನ ಅಂಗಡಿ ಇಟ್ಟಿರೋ ನನ್ನ ತಂಗಿ ಮಗ ಮಂಜ, ಬೀಗರೂಟಕ್ಕೆ ಆ ಟಗರು ನಂಗೇ ಇರ್ಲಿ ಅಂದ. ದುಡ್ಡು ಇಸ್ಕೊಂಡು ಬರೋಣ ಅಂತ ಬಸ್ಸು ಹತ್ತಿದೆ.

ರೇಟಿಗೆ ತಕರಾರಿಲ್ಲ. ಆದರೆ ಮಂಜ ಫೋನ್ ತೆಗೆದ.

"ನೋಟು ಯಾಕೆ ದೊಡ್ಡಮ್ಮ? ಕ್ರಿಪ್ಟೋ ಕಾಯಿನ್ ಹಾಕ್ತೀನಿ. ವರ್ಷ ಬಿಟ್ಟು ಮಾರಿದ್ರೆ ಬಂಗಾರದ ಹಲ್ಲೇ ಕಟ್ಟಿಸ್ಬೋದು."

(ಆ ವರ್ಷ ಪೂರ್ತಿ ನಾನು ಯಾವುದ್ರಲ್ಲಿ ಅಗೀಲಿ? ಅದನ್ನ ಹೇಳಲಿಲ್ಲ.)

ನನ್ನ ಚೀಲದಲ್ಲಿ ಆರು ತಿಂಗಳ ಕೂದಲಿತ್ತು. ಬಾಚುವಾಗ ಉದುರಿದ್ದನ್ನ ಉಂಡೆ ಸುತ್ತಿ ಗೋಡೆ ಸಂದಿಗೆ ತುರುಕೋದು, ಒಂದಿಷ್ಟು ಆದ ಮೇಲೆ ಪಾತ್ರೆಯವನಿಗೆ ಕೊಟ್ಟು ಸ್ಟೀಲ್ ಸಾಮಾನು ತಗಳೋದು ನಮ್ಮ ಕಡೆ ಹೆಂಗಸರ ರೂಢಿ. ಆ ಪಾತ್ರೆಯವನು ಕೂರೋದೂ ಅದೇ ಬಸ್‌ಸ್ಟ್ಯಾಂಡ್ ಪಕ್ಕದಲ್ಲೇ.

"ಅಂಥಾದ್ದೇನ್ಲಾ ಐತೆ ನಿನ್ನ ಕಾಯಿನ್ನಲ್ಲಿ?"

"ಯಾವ ಸರ್ಕಾರಾನೂ ಪ್ರಿಂಟ್ ಮಾಡಂಗಿಲ್ಲ."

"ನನ್ನ ಕೂದಲೂ ಅಷ್ಟೇ."

"ಇರೋದೇ ಇಷ್ಟು ಅಂತ ಲಿಮಿಟ್ ಐತೆ."

"ನನ್ನ ತಲೆ ನೋಡ್ಲಾ."

"ಕಷ್ಟಪಟ್ಟು ಅಗೆದು ತೆಗೀಬೇಕು. ಮೈನಿಂಗು."

"ದಿನಾ ಬೆಳಿಗ್ಗೆ ಬಾಚಣಿಗೇಲಿ ಅಗೀತೀನಿ."

"ವ್ಯಾಲೆಟ್ಟಲ್ಲಿರ್ತದೆ ದೊಡ್ಡಮ್ಮ. ಪಾಸ್‌ವರ್ಡ್ ಮರೆತ್ರೆ ದೇವರಿಗೂ ಸಿಗಲ್ಲ."

"ನಂದು ಗೋಡೇಲಿರ್ತದೆ. ನಾನು ಮರೆತ್ರೂ ಸೊಸೆ ಬೈದು ನೆನಪು ಮಾಡ್ತಾಳೆ."

ಸರಿ, ಯಾವುದು ದುಡ್ಡು ಅಂತ ನೋಡೇಬಿಡೋಣ ಅಂತ ಟೀ ಅಂಗಡಿ ಮುಂದೆ ನಿಂತೆವು. ಮಂಜ ಕಾಯಿನ್ ತೋರಿಸಿದ. "ವದ್ದು ಅಣ್ಣಾ, ಬೇಡ. ರೂಪಾಯಿ ಹಾಕು" ಅಂದ ತೆಲುಗಿನ ಅಂಗಡಿಯವನು. ನಾನು ಒಂದುಂಡೆ ಕೂದಲಿಟ್ಟೆ. "ಏಮವ್ವಾ, ಬಾಯಿಗೆ ಹಾಕೋ ಜಾಗ ಇದು" ಅಂತ ಕಡ್ಡೀಲಿ ತಳ್ಳಿದ. ಕೊನೆಗೆ ಸರ್ಕಾರದ್ದೇ ಹತ್ತು ರೂಪಾಯಿ ಬಿಲ್ಲೆ ಕೊಟ್ಟೆ. ಅದನ್ನೂ ವಾಪಸ್ ಇಟ್ಟ. "ಈ ಬಿಲ್ಲೆ ಇಲ್ಲಿ ಯಾರೂ ತಗಳಲ್ಲ ಅವ್ವಾ."

ಮಂಜನಿಗೆ ಹಬ್ಬ. "ನೋಡ್ದಾ? ಸರ್ಕಾರದ ದುಡ್ಡೂ ಬರೀ ನಂಬಿಕೇನೇ."

ಒಪ್ಪಿದೆ. ನೋಟನ್ನ ಉಡೋಕಾಗಲ್ಲ, ಉಣ್ಣೋಕಾಗಲ್ಲ. ಎದುರಿನವನು ಕೈ ಚಾಚಿದ್ರೆ ಅದು ದುಡ್ಡು, ಕೈ ಹಿಂದಕ್ಕೆ ತಗೊಂಡ್ರೆ ಕಸ. (ಇಷ್ಟಕ್ಕೆ ಕಾಲೇಜಲ್ಲಿ ಮೂರು ವರ್ಷ ಓದಿಸ್ತಾರಂತೆ.)

ಪಾತ್ರೆಯವನು ಮಾತ್ರ ನನ್ನ ಕೂದಲಿಗೆ ಕೈ ಚಾಚಿದ. ಒಂದು ಲೋಟ ಕೊಟ್ಟ.

"ಹೋದ ಸಲ ಚೆಂಬು ಕೊಟ್ಟಿದ್ಯಲ್ಲೋ."

"ಬಿಳೀ ಕೂದಲಿಗೆ ರೇಟು ಬಿದ್ದೋಗೈತೆ ಅವ್ವಾ."

"ನಿಂದೂ ಕ್ರ್ಯಾಶ್ ಆಯ್ತು" ಅಂತ ಮಂಜ ನಕ್ಕ. ನಗಲಿ. ನನ್ನ ಕೈಲಿ ಲೋಟ ಇತ್ತು.

"ನನ್ನ ನಂಬಿಕೆ ತಗೊಂಡು ಏನ್ ಮಾಡ್ತೀಯ? ಹಲ್ಲು ಕಟ್ಟೋರು ನಂಬಬೇಕು. ಡಾಕ್ಟರಿಗೆ ಫೋನ್ ಹಚ್ಚು" ಅಂದೆ. ಹಚ್ಚಿದ. ಕೇಳಿದ. ಡಾಕ್ಟರು ಬಾಯಿ ತುಂಬಾ ನಕ್ಕರು. (ಅವರಿಗೇನು, ಮೂವತ್ತೆರಡೂ ಇವೆ.) ಕ್ಯಾಷು, ಇಲ್ಲಾ ಫೋನಲ್ಲಿ ರೂಪಾಯಿ ಅಂದರು.

"ಹಂಗಾದ್ರೆ ಕಾಯಿನ್ ಮಾರಿ ನಂಗೆ ರೂಪಾಯಿ ಕೊಡಪ್ಪ."

ಮಂಜನ ಮುಖ ಸಣ್ಣಗಾಯ್ತು. "ಈಗ ಮಾರಿದ್ರೆ ಲಾಸು ದೊಡ್ಡಮ್ಮ. ಕೊಂಡಾಗಿನಕ್ಕಿಂತ ಅರ್ಧ ಆಗೈತೆ. ಮುಂದೆ ಖಂಡಿತ ಏರ್ತದೆ."

"ಏರೋದೇ ಖಂಡಿತ ಆಗಿದ್ರೆ ಅದನ್ನ ಈ ಮೂರು ಹಲ್ಲಿನ ಮುದುಕಿಗೆ ಯಾಕ್ಲಾ ದಾಟಿಸ್ತಿದ್ದೆ?"

ಫೋನು ನೋಡಿದ. ಚಾರ್ಜ್ ಮುಗಿದು ಆಫ್ ಆಗಿತ್ತು. ವಾಪಸ್ ಬಸ್ಸಿನವರೆಗೂ ಅವನ ದುಡ್ಡು ಎಲ್ಲಿತ್ತೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ವ್ಯಾಪಾರ ಮುರೀತು. ಮಂಜ ಈಗ ಬೀಗರಿಗೆ ಕೋಳಿ ಹಾಕ್ತಾನಂತೆ. ಟಗರು ನನ್ನ ಅಂಗಳದಲ್ಲೇ ಐತೆ. ಅದಕ್ಕೂ ಮೇಲಿನ ಮುಂದಲ ಹಲ್ಲಿಲ್ಲ, ಆದರೂ ಕಡಲೆಕಾಯಿ ಬಳ್ಳಿ ಅಗೀತದೆ. ನಾನು ಎದುರಿಗೆ ಕೂತು ಮುದ್ದೆ ನುಂಗ್ತೀನಿ. ಹಪ್ಪಳ ಕಂಡ್ರೆ ಹೊಟ್ಟೆ ಉರೀತದೆ.

ಟಗರು ಬೇಕಾದೋರು ನೋಟು ತಗೊಂಡು ಬನ್ನಿ. ಕೂದಲು ತರಬೇಡಿ, ನನ್ನ ತಲೇಲೇ ಇನ್ನೊಂದಿಷ್ಟು ಐತೆ.